ಸೀಡಮ್‌ಗೆ ಹೂ ಬರಿಸುವ ಬಾಟಲಿ: ಔಷಧಿಗೆ ಒಂದು ಸ್ಟಾರ್, ಒಳಗಿನ ಚೀಟಿಗೆ ನಾಲ್ಕು

ಆನ್‌ಲೈನ್‌ನಲ್ಲಿ ಸಕ್ಯುಲೆಂಟ್, ಅಂದರೆ ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಗಳಿಗೆಂದೇ ಮಾರುವ ‘ಬ್ಲೂಮ್ ಬೂಸ್ಟರ್’ ದ್ರಾವಣವೊಂದರ ವಿಮರ್ಶೆ ಇದು. 250 ಮಿ.ಲೀ. ಬಾಟಲಿಗೆ 349 ರೂಪಾಯಿ, ಡೆಲಿವರಿ ಚಾರ್ಜ್ ಬೇರೆ. ಹೂ ಬಿಡದ ಸೀಡಮ್, ಎಚೆವೇರಿಯಾ, ಕಲಾಂಚೊ ಎಲ್ಲದಕ್ಕೂ ಇದೊಂದೇ ಸಾಕು ಅಂತ ಡಬ್ಬದ ಮೇಲೆ ಇಂಗ್ಲಿಷ್‌ನಲ್ಲೂ ಹಿಂದಿಯಲ್ಲೂ ಹಾಕಿದ್ದಾರೆ. ಕನ್ನಡ ಇಲ್ಲ. ಕಂಪನಿಯ ಹೆಸರು ಹೇಳಲ್ಲ, ಹೇಳಿ ಪ್ರಯೋಜನವೂ ಇಲ್ಲ. ಇಂಥ ಬಾಟಲಿಗಳು ಹುಡುಕಿದಷ್ಟೂ ಸಿಗುತ್ತವೆ, ಇವತ್ತು ಒಂದು ಹೆಸರು, ನಾಳೆ ಇನ್ನೊಂದು.

ನಾನು ಮೈಸೂರಿನಲ್ಲಿ ಮೆಡಿಕಲ್ ಸ್ಟೋರ್ ನಡೆಸುವವನು. ಯಾವ ಬಾಟಲಿ ಕೈಗೆ ಬಂದರೂ ಮುಂದಿನ ಚಿತ್ರ ನೋಡುವ ಮೊದಲೇ ತಿರುಗಿಸಿ ಹಿಂದಿನ ಲೇಬಲ್ ಓದುವುದು ಅಭ್ಯಾಸವಾಗಿಬಿಟ್ಟಿದೆ. ಇದರ ಹಿಂದೆ ಏನಿತ್ತು ಅಂದರೆ: ಕಡಲಪಾಚಿಯ ಸಾರ, ಹ್ಯೂಮಿಕ್ ಆಸಿಡ್, ಅಮೈನೋ ಆಸಿಡ್, ಸೂಕ್ಷ್ಮ ಪೋಷಕಾಂಶಗಳು, ಕೊನೆಗೆ ‘ಫ್ಲವರಿಂಗ್ ಫ್ಯಾಕ್ಟರ್’. ಯಾವುದು ಎಷ್ಟು ಪರ್ಸೆಂಟ್? ಇಲ್ಲ. ಫ್ಲವರಿಂಗ್ ಫ್ಯಾಕ್ಟರ್ ಅಂದರೆ ಏನು? ಅದೂ ಇಲ್ಲ. ಬ್ಯಾಚ್ ನಂಬರ್ ಇದೆ, ಎಂಆರ್‌ಪಿ ಇದೆ, ಎಕ್ಸ್‌ಪೈರಿ ಜಾಗದಲ್ಲಿ ‘ಬೆಸ್ಟ್ ಬಿಫೋರ್ 36 ತಿಂಗಳು’ ಅಂತಿದೆ, ಎಂದಿನಿಂದ 36 ಅಂತ ಲೆಕ್ಕ ಹಾಕೋಣ ಅಂದರೆ ತಯಾರಿಕೆಯ ತಾರೀಖು ಅಳಿಸಿಹೋಗಿದೆ. ಔಷಧಿಗೆ ಕಾಯ್ದೆ ಇರುವ ಹಾಗೆ ಗೊಬ್ಬರಕ್ಕೂ 1985ರ ರಸಗೊಬ್ಬರ ನಿಯಂತ್ರಣ ಆದೇಶ ಅಂತ ಒಂದಿದೆ. ಕಡಲಪಾಚಿ, ಹ್ಯೂಮಿಕ್ ಥರದ ಬಯೋಸ್ಟಿಮ್ಯುಲೆಂಟ್‌ಗಳನ್ನೂ (ಗಿಡದ ಬೆಳವಣಿಗೆಗೆ ಚುರುಕು ಕೊಡುವ ಪದಾರ್ಥಗಳು) 2021ರಲ್ಲಿ ಅದರೊಳಗೆ ಸೇರಿಸಿದರು. ಅಂದಮೇಲೆ ಒಳಗೆ ಏನಿದೆ ಎಷ್ಟಿದೆ ಅಂತ ಕೇಳುವುದು ಗಿರಾಕಿಯ ಅಧಿಕಪ್ರಸಂಗ ಅಲ್ಲ. ಇಂಥ ಲೇಬಲ್ ಇರುವ ಸಿರಪ್ಪನ್ನು ನಮ್ಮ ಅಂಗಡಿಗೆ ಯಾವ ರೆಪ್ ತಂದರೂ ಕೌಂಟರ್‌ನಿಂದಲೇ ವಾಪಸ್ ಕಳಿಸುತ್ತಿದ್ದೆ.

ಆದರೂ ಬಾಟಲಿ ಬಳಸದೆ ವಿಮರ್ಶೆ ಬರೆಯುವುದು ನ್ಯಾಯ ಅಲ್ಲವಲ್ಲ.

ನನ್ನ ಹತ್ತಿರ ಇರುವುದು ಗೋಲ್ಡನ್ ಸೀಡಮ್, ಶಾಸ್ತ್ರೀಯವಾಗಿ ಸೀಡಮ್ ಅಡಾಲ್ಫಿ. ದಸರಾ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಕುಪ್ಪಣ್ಣ ಪಾರ್ಕ್ ಕಡೆ ಹೋದಾಗ ನರ್ಸರಿಯವರ ಹತ್ತಿರ ತಂದದ್ದು. ಮೂಲತಃ ಮೆಕ್ಸಿಕೋದ ಗಿಡ. ನೆರಳಲ್ಲಿಟ್ಟರೆ ಹಳದಿ ಕಲೆತ ಹಸಿರು, ಬಿಸಿಲಿಗೂ ಚಳಿಗೂ ಒಡ್ಡಿದರೆ ಎಲೆಯ ಅಂಚು ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ಸಾಯಿಸುವುದು ಕಷ್ಟ, ಮುರಿದ ತುಂಡನ್ನು ಮಣ್ಣಿಗೆ ತಾಗಿಸಿಟ್ಟರೆ ಬೇರು ಬಿಡುತ್ತೆ. ಹೂ ಮಾತ್ರ ಎಲ್ಲರ ಮನೆಯಲ್ಲೂ ಬಿಡಲ್ಲ. ನಮ್ಮ ಏರಿಯಾದಲ್ಲಿ ಈ ಗಿಡ ಇಟ್ಟವರು ಬೇಕಾದಷ್ಟು ಜನ ಇದ್ದಾರೆ, ಹೂ ನೋಡಿದವರು ಕಮ್ಮಿ. ‘ಇದು ಹೂ ಬಿಡುತ್ತಾ?’ ಅಂತಲೇ ಕೇಳುತ್ತಾರೆ. ಈ ಬಾಟಲಿ ಮಾರಾಟ ಆಗುವುದು ಆ ಪ್ರಶ್ನೆಯ ಮೇಲೆ.

ಡಬ್ಬದೊಳಗೆ ಬಾಟಲಿಯ ಜೊತೆ ಮಡಚಿಟ್ಟ ಒಂದು ಚೀಟಿ ಇತ್ತು. ಮಾತ್ರೆ ಡಬ್ಬಗಳಲ್ಲಿ ಇರುತ್ತಲ್ಲ, ಜನ ತೆಗೆದು ಬಿಸಾಡುವ ಅದೇ ತೆಳು ಕಾಗದ. ಅಕ್ಷರ ಸಣ್ಣದು. ಅದರಲ್ಲಿ ಬರೆದಿರುವುದರ ಸಾರಾಂಶ ಹೇಳುತ್ತೇನೆ ಕೇಳಿ. ಅಕ್ಟೋಬರ್‌ನಲ್ಲಿ ಶುರು ಮಾಡಿ, ಫೆಬ್ರವರಿವರೆಗೂ ಕೊಡಿ. ಗಿಡ ದಿನಕ್ಕೆ ಕನಿಷ್ಠ ಐದಾರು ಗಂಟೆ ನೇರ ಬಿಸಿಲಿನಲ್ಲಿ ಇರಬೇಕು. ಮನೆಯೊಳಗಿಂದ ಒಮ್ಮೆಲೇ ಬಿಸಿಲಿಗೆ ಇಡಬೇಡಿ, ಎರಡು ವಾರ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸಿ. ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು. ರಾತ್ರಿ ತಂಪಿನಲ್ಲಿ ಹೊರಗೇ ಬಿಡಿ. ದೊಡ್ಡ ಕುಂಡಕ್ಕೆ ಬದಲಾಯಿಸಬೇಡಿ. ಈ ಅವಧಿಯಲ್ಲಿ ಯೂರಿಯಾ, ಹಟ್ಟಿಗೊಬ್ಬರ ಹಾಕಬೇಡಿ. ತುದಿ ಚಿವುಟಬೇಡಿ.

ಇಷ್ಟನ್ನೂ ಒಬ್ಬ ಮಾಡಿದರೆ ಬಾಟಲಿಯ ಮುಚ್ಚಳ ತೆಗೆಯದಿದ್ದರೂ ಸೀಡಮ್ ಹೂ ಬಿಡುತ್ತೆ. ನಾನು ಹೇಳಬೇಕಾದದ್ದು ಮುಖ್ಯವಾಗಿ ಇದೇ. ‘ಮಗು ಊಟಾನೇ ಮಾಡಲ್ಲ, ಒಂದ್ ಟಾನಿಕ್ ಕೊಡಿ ಸಾರ್’ ಅಂತ ಬೇಸಿಗೆ ರಜೆ ಶುರುವಾಗುವಾಗ ಕೇಳಿಕೊಂಡು ಬರುವವರು ಇದ್ದಾರೆ. ಮಗು ರಜೆಯಲ್ಲಿ ಬೀದಿಯಲ್ಲಿ ಆಡಿ, ದಣಿದು, ಹಸಿದು ಬಂದು ಉಣ್ಣುತ್ತೆ. ಮುಂದಿನ ತಿಂಗಳು ಅಪ್ಪ ಬಂದು ‘ಅದೇ ಟಾನಿಕ್ ಇನ್ನೊಂದ್ ಕೊಡಿ, ಚೆನ್ನಾಗಿ ಕೆಲಸ ಮಾಡ್ತು’ ಅನ್ನುತ್ತಾರೆ. ಈ ಬಾಟಲಿಯ ವ್ಯಾಪಾರವೂ ಹಾಗೇ.

ಬರೀ ಅನುಮಾನದ ಮೇಲೆ ಹೇಳುತ್ತಿಲ್ಲ. ಒಂದೇ ತಾಯಿ ಗಿಡದ ತುಂಡುಗಳನ್ನು ಒಂದೇ ಅಳತೆಯ ಮಣ್ಣಿನ ಕುಂಡಗಳಿಗೆ ಹಾಕಿದೆ. ಮಣ್ಣಿಗೆ ಇಟ್ಟಿಗೆ ಚೂರು, ಸಿಂಡರ್, ಸ್ವಲ್ಪ ಕೆಮ್ಮಣ್ಣು, ಸ್ವಲ್ಪ ಕೋಕೋಪೀಟ್. ಅರ್ಧ ಕುಂಡಗಳು ಟೆರೇಸಿನ ಪ್ಯಾರಪೆಟ್ ಮೇಲೆ, ಬಯಲಿಗೆ. ಇನ್ನರ್ಧ ಕೆಳಗೆ ಸಿಟ್‌ಔಟ್‌ನಲ್ಲಿ, ಶೀಟಿನ ಕೆಳಗೆ. ಅಲ್ಲಿ ಬೆಳಕು ಚೆನ್ನಾಗಿದೆ, ನೇರ ಬಿಸಿಲು ಬೀಳಲ್ಲ. ಎರಡೂ ಕಡೆ ಕೆಲವಕ್ಕೆ ಔಷಧಿ, ಕೆಲವಕ್ಕೆ ಬರೀ ನೀರು. ಔಷಧಿ ಕುಡಿದವಕ್ಕೆ ತಳದಲ್ಲಿ ಮಾರ್ಕರ್‌ನಿಂದ ಗುರುತು. ಡೋಸ್ ಲೀಟರಿಗೆ 5 ಮಿ.ಲೀ., ವಾರಕ್ಕೊಮ್ಮೆ. ಮುಚ್ಚಳದಲ್ಲಿ ಅಳತೆಯ ಗೆರೆ ಇದೆ, ಒಪ್ಪುತ್ತೇನೆ, ಆದರೆ ನಾನು ಬಳಸಿದ್ದು ಅಂಗಡಿಯ 5 ಮಿ.ಲೀ. ಸಿರಿಂಜ್. ಎಲೆಯ ಮೇಲೂ ಸಿಂಪಡಿಸಿ ಅಂತ ಬಾಟಲಿ ಹೇಳುತ್ತೆ. ಅದನ್ನು ಮಾತ್ರ ಮಾಡಲಿಲ್ಲ. ಈ ಜಾತಿಯ ಗಿಡಗಳು ನೀರು ಉಳಿಸಲು ಹಗಲು ಪತ್ರರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಉಸಿರೆಳೆಯುತ್ತವೆ. ಮೇಲೆ ಮೇಣದ ಲೇಪ ಬೇರೆ. ಹಗಲು ಹೊತ್ತು ಸಿಂಪಡಿಸಿದರೆ ಒಳಗೆ ಹೋಗುವುದಕ್ಕಿಂತ ಎಲೆಯ ಮೇಲೆ ಕಲೆ ಕಟ್ಟುವುದೇ ಹೆಚ್ಚು.

ವಾಸನೆಯ ಬಗ್ಗೆ ಒಂದು ಮಾತು. ಕಡಲಪಾಚಿ ಅಂದಮೇಲೆ ಮೀನಿನ ವಾಸನೆ ಬರುವುದು ಸಹಜ, ಆದರೆ ಇದು ಕೊಟ್ಟ ದಿನ ಸಂಜೆಯವರೆಗೂ ಮನೆ ಬಿಡಲ್ಲ. ‘ರೀ, ಸಿಟ್‌ಔಟ್‌ನಲ್ಲಿ ಏನೋ ಸತ್ತಿದೆ ನೋಡ್ರೀ’ ಅಂತ ನನ್ನ ಹೆಂಡತಿ ಇಲಿ ಹುಡುಕಿದ್ದೂ ಆಯಿತು. ಸಸ್ಯಾಹಾರಿಗಳ ಮನೆಯವರು, ಅಕ್ಕಪಕ್ಕದ ಬಾಲ್ಕನಿ ಹತ್ತಿರ ಇರುವವರು ಯೋಚಿಸಿ ಕೊಳ್ಳಿ.

ಫಲಿತಾಂಶಕ್ಕೆ ಬರೋಣ. ಡಿಸೆಂಬರ್‌ನಲ್ಲಿ ಟೆರೇಸಿನ ಗಿಡಗಳೆಲ್ಲ ಬಣ್ಣಕ್ಕೆ ತಿರುಗಿದವು, ಗುರುತಿದ್ದವೂ ಇಲ್ಲದವೂ. ಸಂಕ್ರಾಂತಿ ಕಳೆದ ಮೇಲೆ ಮೊಗ್ಗು ಕಾಣಿಸಿತು. ಇದನ್ನು ಗುರುತಿಸುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಬಹಳ ಜನ ಮೊಗ್ಗನ್ನು ಮರಿ ಅಂದುಕೊಂಡು ಚಿವುಟಿ ಬೇರೆ ಕುಂಡಕ್ಕೆ ನೆಟ್ಟುಬಿಡುತ್ತಾರೆ. ಕೊಂಬೆಯ ನೆತ್ತಿಯಲ್ಲಿ ಎಲೆಗಳು ಗುಂಪಾಗಿ ಕೂತಿರುತ್ತವಲ್ಲ, ಅದರ ಸ್ವಲ್ಪ ಕೆಳಗೆ, ಎಲೆಯ ಕಂಕುಳಿನಿಂದ ಒಂದು ಹಸಿರು ಗಂಟು ಏಳುತ್ತೆ. ಮರಿಯಾದರೆ ಅದು ಕುಳ್ಳಗೆ ಉಳಿದು ಎಲೆಗಳನ್ನು ಅಗಲ ಮಾಡಿಕೊಳ್ಳುತ್ತಾ ಹೋಗುತ್ತೆ. ಮೊಗ್ಗಾದರೆ ಕಾಂಡ ಸರ್ರನೆ ಹೊರಕ್ಕೆ ಚಾಚುತ್ತೆ, ಅದರ ಮೇಲಿನ ಎಲೆಗಳು ಚಿಕ್ಕವಾಗಿ ಕಾಂಡಕ್ಕೆ ಅಂಟಿಕೊಂಡೇ ಇರುತ್ತವೆ, ತುದಿಯಲ್ಲಿ ಸಾಸಿವೆಗಿಂತ ದಪ್ಪನೆಯ ಗುಂಡುಗಳು ಒತ್ತೊತ್ತಾಗಿ ಕಟ್ಟುತ್ತವೆ. ಈ ಹಂತದಲ್ಲಿ ಕುಂಡವನ್ನು ತಿರುಗಿಸಬೇಡಿ, ಜಾಗ ಬದಲಿಸಬೇಡಿ. ಅರಳಿದಾಗ ಬಿಳಿಯ ಪುಟ್ಟ ಹೂಗಳು, ಒಂದೊಂದಕ್ಕೂ ಚೂಪಾದ ಐದು ಎಸಳು, ಎಣಿಸಿ ನೋಡಿದರೆ ಹತ್ತು ಕೇಸರ. ಮೂಗು ಹತ್ತಿರ ಹಿಡಿದರೆ ಸಣ್ಣಗೆ ಸಿಹಿ ವಾಸನೆ. ತುಡುವೆ ಜೇನು ಬರುತ್ತೆ, ಅದಕ್ಕೂ ಮೊದಲೇ ಇರುವೆ ಬಂದಿರುತ್ತೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಡುವ ಹೊತ್ತಿಗೆ ಟೆರೇಸಿನ ಕುಂಡಗಳೆಲ್ಲ ಹೂವಾಗಿದ್ದವು. ತಳ ಎತ್ತಿ ನೋಡದ ಹೊರತು ಯಾವುದು ಔಷಧಿ ಕುಡಿದದ್ದು ಯಾವುದು ನೀರು ಕುಡಿದದ್ದು ಅಂತ ಹೇಳಲು ನನಗೇ ಆಗಲಿಲ್ಲ. ಹೆಂಡತಿಗೂ ಹೇಳಲು ಆಗಲಿಲ್ಲ; ಎದುರುಮನೆ ಮೇಷ್ಟ್ರು ಧೈರ್ಯವಾಗಿ ಒಂದನ್ನು ತೋರಿಸಿ ‘ಇದಕ್ಕೇ ಹಾಕಿರೋದು’ ಅಂದರು, ಅದು ನೀರಿನದು. ಕೆಳಗೆ ಸಿಟ್‌ಔಟ್‌ನಲ್ಲಿ ಒಂದೇ ಒಂದು ಮೊಗ್ಗಿಲ್ಲ. ಅಲ್ಲಿ ಔಷಧಿ ಬಿದ್ದ ಗಿಡಗಳು ಮಾತ್ರ ಉಳಿದವಕ್ಕಿಂತ ಎತ್ತರ ಬೆಳೆದಿದ್ದವು. ಎಲೆಗೂ ಎಲೆಗೂ ನಡುವೆ ಬೆರಳು ತೂರುವಷ್ಟು ಜಾಗ, ಕಾಂಡ ಬೆಳಕಿನ ಕಡೆ ವಾಲಿಕೊಂಡು, ಎತ್ತಿದರೆ ಬಳುಕುವಂತೆ. ಡಬ್ಬದ ಮೇಲೆ ‘ಹುಲುಸಾದ ಬೆಳವಣಿಗೆ’ ಅಂತ ಇತ್ತು, ಅದು ಸುಳ್ಳಲ್ಲ. ಹೂ ಬೇಕು ಅಂದವನಿಗೆ ಆ ಬೆಳವಣಿಗೆಯಿಂದ ಏನೂ ಆಗಬೇಕಿಲ್ಲ, ಅಷ್ಟೇ.

ಅಮೈನೋ ಆಸಿಡ್ ಅಂದರೆ ಅದರಲ್ಲಿ ಸಾರಜನಕ ಇದ್ದೇ ಇರುತ್ತೆ. ಬಿಸಿಲಿಲ್ಲದ ಗಿಡಕ್ಕೆ ಸಾರಜನಕ ಸಿಕ್ಕರೆ ಅದು ಹೂವಿನ ಕಡೆ ಹೋಗಲ್ಲ, ಉದ್ದಕ್ಕೆ ಹೋಗುತ್ತೆ. ‘ಹಾಗಾದರೆ ರಂಜಕ ಕೊಟ್ಟರೆ?’ ಅಂತ ಕೇಳುವವರಿಗಾಗಿ ಅದನ್ನೂ ನೋಡಿದೆ. ಬಂಡೀಪಾಳ್ಯದ ಕಡೆ ಹೋಗಿದ್ದಾಗ ಗೊಬ್ಬರದ ಅಂಗಡಿಯಲ್ಲಿ 0:52:34 ಕೇಳಿದೆ.

‘ಯಾವ ಬೆಳೆಗೆ ಸಾರ್?’

‘ಸೀಡಮ್.’

‘ಎಷ್ಟ್ ಎಕರೆ?’

‘ನಾಕೈದ್ ಕುಂಡ.’

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಬಿಡಿಯಾಗಿ ಕೊಡಲ್ಲ ಸಾರ್, ಪ್ಯಾಕೆಟ್ಟೇ ತಗೋಬೇಕು’ ಅಂದ. ಒಂದು ಕೆ.ಜಿ. ಪ್ಯಾಕೆಟ್ಟು ಈ ಕಾಲು ಲೀಟರ್ ಬಾಟಲಿಗಿಂತ ಕಮ್ಮಿ ದುಡ್ಡಿಗೆ ಬಂತು. ಸಾರಜನಕ ಸೊನ್ನೆ, ರಂಜಕ 52, ಪೊಟ್ಯಾಷ್ 34 ಅಂತ ದಪ್ಪ ಅಕ್ಷರದಲ್ಲಿ ಮುಂದೆಯೇ ಅಚ್ಚಾಗಿದೆ. ಲೇಬಲ್ ಅಂದರೆ ಹೀಗಿರಬೇಕು. ಅದನ್ನು ಲೀಟರಿಗೆ ಅರ್ಧ ಗ್ರಾಂನಂತೆ ಕಲಸಿ ಸಿಟ್‌ಔಟ್‌ನ ಇನ್ನೊಂದೆರಡು ಕುಂಡಕ್ಕೆ ಹಾಕಿದೆ. ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿತು, ಹೂ ಬರಲಿಲ್ಲ. ಗಿಡಕ್ಕೆ ರಂಜಕದ ಕೊರತೆ ಇದ್ದರೆ ಕೊಟ್ಟಾಗ ಗುಣ ಕಾಣಿಸುತ್ತೆ, ಕೊರತೆಯೇ ಇಲ್ಲದ ಗಿಡಕ್ಕೆ ಇನ್ನಷ್ಟು ಸುರಿದರೆ ಹೂವಿನ ಸ್ವಿಚ್ ಒತ್ತಿದಂತೆ ಆಗಲ್ಲ. ವಿಟಮಿನ್ ವಿಚಾರದಲ್ಲಿ ನಾನು ಗಿರಾಕಿಗಳಿಗೆ ದಿನಾ ಹೇಳುವುದೂ ಇದನ್ನೇ, ಯಾರೂ ಕೇಳಲ್ಲ.

ಇನ್ನು ಡಬ್ಬದ ಮೇಲಿನ ಚಿತ್ರ. ನನಗೆ ನಿಜವಾಗಿ ಸಿಟ್ಟು ಬಂದದ್ದು ಇದರ ಮೇಲೆ. ಅಲ್ಲಿರುವುದು ಗುಲಾಬಿ ಬಣ್ಣದ, ಚಪ್ಪಟೆ ತಲೆಯ ದೊಡ್ಡ ಹೂಗೊಂಚಲು. ‘ಆಟಮ್ ಜಾಯ್’ ಅನ್ನುವ ಸೀಡಮ್‌ನದು. ಜರ್ಮನಿಯ ಗೆಯಾರ್ಗ್ ಆರೆಂಡ್ಸ್ ಬೆಳೆಸಿದ ತಳಿ ಅದು. ಈಗ ಸಸ್ಯಶಾಸ್ತ್ರಜ್ಞರು ಅದನ್ನು ಸೀಡಮ್ ಗುಂಪಿನಿಂದಲೇ ತೆಗೆದು ಹೈಲೊಟೆಲಿಫಿಯಂಗೆ ಸೇರಿಸಿದ್ದಾರೆ. ಆ ಗಿಡಕ್ಕೆ ಹೂ ಬರಬೇಕಾದರೆ ಉದ್ದ ಹಗಲು ಬೇಕು. ಜರ್ಮನಿಯಲ್ಲಿ ಬೇಸಿಗೆಯ ಹಗಲು 16 ಗಂಟೆ ದಾಟುತ್ತೆ. ಮೈಸೂರಿನಲ್ಲಿ ವರ್ಷದಲ್ಲೇ ಅತಿ ಉದ್ದದ ದಿನವಾದ ಜೂನ್ 21ರಂದೂ ಹಗಲು 13 ಗಂಟೆ ಮುಟ್ಟಲ್ಲ. ಇಲ್ಲಿ ಅದಕ್ಕೆ ಹೂ ಬರಿಸಲೇಬೇಕು ಅಂದರೆ ರಾತ್ರಿ ಹತ್ತರಿಂದ ಎರಡರ ತನಕ ಲೈಟ್ ಹಾಕಿಟ್ಟು ಇರುಳನ್ನು ಎರಡು ತುಂಡು ಮಾಡಬೇಕು, ಹೊರದೇಶದ ಗ್ರೀನ್‌ಹೌಸ್‌ಗಳಲ್ಲಿ ಮಾಡುವುದು ಅದನ್ನೇ. ಬಾಟಲಿ ಎಷ್ಟು ಹುಯ್ದರೂ ಸೂರ್ಯ ಹೆಚ್ಚು ಹೊತ್ತು ನಿಲ್ಲಲ್ಲ. ಬೆಂಗಳೂರು, ಮೈಸೂರಿನವರು ಆನ್‌ಲೈನ್‌ನಲ್ಲಿ ಈ ಚಿತ್ರ ನೋಡಿ ಗಿಡ, ಔಷಧಿ ಎರಡನ್ನೂ ತರಿಸಿಕೊಂಡರೆ ಎರಡರ ದುಡ್ಡೂ ದಂಡ.

ಕಲಾಂಚೊದ ಕಥೆ ಇದಕ್ಕೆ ತದ್ವಿರುದ್ಧ. ಅದೂ ಇದೇ ಕುಟುಂಬ, ನಮ್ಮ ಹಿತ್ತಲಿನ ಕಾಡುಬಸಳೆಯೂ ಇದೇ ಕುಟುಂಬ. ಕಲಾಂಚೊಗೆ ಮೊಗ್ಗು ಕಟ್ಟಲು ಉದ್ದ ಇರುಳು ಬೇಕು. ನಮ್ಮ ಡಿಸೆಂಬರ್‌ನ ಇರುಳು ಹನ್ನೆರಡೂವರೆ ಗಂಟೆಯ ಹತ್ತಿರ ಇರುವುದರಿಂದ ಅದು ತಾನಾಗಿಯೇ ಬಿಡುತ್ತೆ. ಬಿಡದಿದ್ದರೆ ಮೊದಲು ನೋಡಬೇಕಾದದ್ದು ಬಾಲ್ಕನಿಯ ಟ್ಯೂಬ್‌ಲೈಟ್, ಬೀದಿ ದೀಪ. ರಾತ್ರಿಯಿಡೀ ಬೆಳಕು ಬೀಳುವ ಕಡೆ ಇದ್ದರೆ ಗಿಡಕ್ಕೆ ಇರುಳು ಆದದ್ದೇ ಗೊತ್ತಾಗಲ್ಲ. ಸಂಜೆ ಆರಕ್ಕೆ ಒಂದು ರಟ್ಟಿನ ಡಬ್ಬ ಮುಚ್ಚಿ ಬೆಳಿಗ್ಗೆ ಎಂಟಕ್ಕೆ ತೆಗೆಯಿರಿ, ಹೀಗೆ ಆರು ವಾರ. ಖರ್ಚು ಏನೂ ಇಲ್ಲ. ಒಂದಕ್ಕೆ ಉದ್ದ ಹಗಲು, ಇನ್ನೊಂದಕ್ಕೆ ಉದ್ದ ಇರುಳು ಬೇಕಾದ ಗಿಡಗಳಿಗೆ ಒಂದೇ ಬಾಟಲಿಯಲ್ಲಿ ಮದ್ದಿದೆ ಅಂತ ಬರೆಯಲು ಧೈರ್ಯ ಬೇಕು.

ನೇತಾಡುವ ಬುಟ್ಟಿಯಲ್ಲಿ ಹಾಕುವ ಬರೋಸ್ ಟೇಲ್ (ಅದೇ, ಮುಟ್ಟಿದರೆ ಎಲೆ ಉದುರುವ ಕತ್ತೆಬಾಲ) ಇಟ್ಟವರಿಗೆ: ಅದರ ಬಾಲದ ತುದಿಯಲ್ಲೇ ಕೆಂಪು ಗುಲಾಬಿ ಬಣ್ಣದ ಹೂ ಬರುವುದು, ಅದೂ ಹಳೇ ಬಲಿತ ಕೊಂಬೆಗಳಲ್ಲಿ. ಉದ್ದವಾಯಿತು ಅಂತ ತುದಿ ಕತ್ತರಿಸುತ್ತಿದ್ದರೆ ಹೂ ಬರುವ ಜಾಗವನ್ನೇ ಕತ್ತರಿಸಿದ ಹಾಗೆ.

ಚೀಟಿಗೆ ಐದು ಸ್ಟಾರ್ ಕೊಡದಿರಲು ಕಾರಣ ಇದೆ. ಮಳೆಗಾಲದ ಬಗ್ಗೆ ಒಂದಕ್ಷರ ಇಲ್ಲ. ಅಕ್ಟೋಬರ್‌ನಿಂದ ಬಯಲಿಗೆ ಇಡಿ ಅನ್ನುತ್ತಾರೆ, ನಮ್ಮ ಮೈಸೂರಿನಲ್ಲಿ ಮಳೆ ಜೋರಾಗಿ ಬರುವುದೇ ಅಕ್ಟೋಬರ್‌ನಲ್ಲಿ. ಹಿಂಗಾರು ನಿಂತ ಮೇಲೆ, ದೀಪಾವಳಿ ಕಳೆದ ಮೇಲೆ ಇಡಿ ಅನ್ನಬೇಕಿತ್ತು. ಅದಕ್ಕೂ ಮೊದಲು ಇಡುವುದಾದರೆ ತಾರಸಿಯಲ್ಲಿ ಪಾರದರ್ಶಕ ಶೀಟು ಇರಲೇಬೇಕು, ಇಲ್ಲದಿದ್ದರೆ ಬುಡ ಕೊಳೆಯುತ್ತೆ. ಹಿಟ್ಟು ತಿಗಣೆಯ ಬಗ್ಗೆಯೂ ಇಲ್ಲ. ಮೊಗ್ಗಿನ ಎಳೆ ಕಾಂಡ ಅಂದರೆ ಹಿಟ್ಟು ತಿಗಣೆಗೆ ಬಲು ಇಷ್ಟ. ಇರುವೆಗಳ ಸಾಲು ಗಿಡ ಹತ್ತಲು ಶುರುವಾಯಿತು ಅಂದರೆ ಎಲೆಯ ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಹುಡುಕಿ. ಇದಕ್ಕೆ ನನ್ನ ಅಂಗಡಿಯಲ್ಲೇ ಮದ್ದಿದೆ: ಸರ್ಜಿಕಲ್ ಸ್ಪಿರಿಟ್. ಇಯರ್ ಬಡ್ ಅದ್ದಿ ತಿಗಣೆಗೆ ಮಾತ್ರ ತಾಗಿಸಿ, ಸಂಜೆ ಬಿಸಿಲು ಇಳಿದ ಮೇಲೆ. ಇಡೀ ಎಲೆಗೆ ಬಳಿದರೆ ಮೇಣ ಕಿತ್ತುಬಂದು ಕಲೆ ಉಳಿಯುತ್ತೆ.

ಕಸ್ಟಮರ್ ಕೇರ್‌ಗೆ ಬರೆದೆ. ಕಾಂಪೊಸಿಷನ್ ಕಳಿಸಿ ಅಂತ ಕೇಳಿದ್ದಕ್ಕೆ ‘ಗಿಡದ ಫೋಟೋ ಕಳಿಸಿ ಸರ್’ ಅಂತ ಉತ್ತರ ಬಂತು. ಹೂ ಬಿಟ್ಟ ಟೆರೇಸಿನ ಗಿಡದ ಫೋಟೋ ಕಳಿಸಿದೆ, ಔಷಧಿ ಹಾಕದ್ದು ಅಂತ ಸ್ಪಷ್ಟವಾಗಿ ಬರೆದೇ ಕಳಿಸಿದೆ. ‘ಅದ್ಭುತ ಫಲಿತಾಂಶ! ಇದನ್ನು ನಮ್ಮ ಪೇಜಿನಲ್ಲಿ ಹಾಕಬಹುದೇ?’ ಅಂದರು. ಬೇಡ ಅಂದೆ. ಮುಂದಿನ ಖರೀದಿಗೆ ಹತ್ತು ಪರ್ಸೆಂಟ್ ಕೂಪನ್ ಕಳಿಸಿದರು. ಆ ಕೂಪನ್ ಹಿಡಿದು ಅವರ ಅಂಗಡಿಪುಟ ನೋಡಿದರೆ ಗುಲಾಬಿಗೆ ಒಂದು, ಆರ್ಕಿಡ್‌ಗೆ ಒಂದು, ಅಡೀನಿಯಂಗೆ ಒಂದು ಬೂಸ್ಟರ್. ಹಿಂದಿನ ಲೇಬಲ್‌ನ ಫೋಟೋ ದೊಡ್ಡದು ಮಾಡಿ ಓದಿದೆ. ಅದೇ ಐದು ಹೆಸರು, ಅದೇ ಕ್ರಮ, ಬ್ಯಾಚ್ ನಂಬರ್ ಕೂಡ ಒಂದೇ.

ಯಾರು ಕೊಳ್ಳಬಹುದು? ಬಿಸಿಲು ಬೀಳುವ ಟೆರೇಸು ಇದ್ದವರಿಗೆ ಬೇಡ, ಹೂ ತಾನಾಗಿ ಬರುತ್ತೆ. ಮಳೆ ಮುಗಿದ ಮೇಲೆ ಒಂದು ಸಲ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂ ಕಲಸಿ ಕೊಟ್ಟರೆ ಧಾರಾಳವಾಯಿತು. ಬಿಸಿಲಿಲ್ಲದ ಫ್ಲ್ಯಾಟಿನವರಿಗೂ ಬೇಡ, ಹಾಕಿದರೂ ಬರಲ್ಲ. ಅವರು ಈ ದುಡ್ಡಿಗೆ ಕಿಟಕಿಯ ಹೊರಗೆ ಒಂದು ಕಬ್ಬಿಣದ ಸ್ಟ್ಯಾಂಡ್ ಹಾಕಿಸಿಕೊಳ್ಳುವುದು ಮೇಲು.

ದ್ರಾವಣಕ್ಕೆ ಐದರಲ್ಲಿ ಒಂದು, ಅದೂ ಸೋರದಂತೆ ಪ್ಯಾಕ್ ಮಾಡಿದ್ದಕ್ಕೆ. ಚೀಟಿಗೆ ನಾಲ್ಕು. ಉಳಿದ ಅರ್ಧ ಬಾಟಲಿಯನ್ನು ಹಿತ್ತಲಿನ ಕರಿಬೇವಿಗೆ ಹುಯ್ಯುತ್ತಿದ್ದೇನೆ, ಅದಕ್ಕೆ ಬೇಕಾದದ್ದು ಬರೀ ಎಲೆ.